ಹಿಂದಿರುಗದ ಊರಿನ ಯೋಯೋ

ಗುಂಡನೆಯ ಬೆಟ್ಟವೊಂದರ ಸುತ್ತ ಬಳೆಯ ಹಾಗೆ ಕೂತ ಊರೊಂದಿತ್ತು. ಆ ಊರಿಗೆ ಇದ್ದದ್ದು ಒಂದೇ ಬೀದಿ. ಬೀದಿ ಎಲ್ಲಿಂದಲೂ ಶುರುವಾಗುತ್ತಿರಲಿಲ್ಲ, ಎಲ್ಲಿಯೂ ಮುಗಿಯುತ್ತಿರಲಿಲ್ಲ. ಜನ ಬೆಟ್ಟವನ್ನು ಬಲಕ್ಕೆ ಇಟ್ಟುಕೊಂಡು ನಡೆಯುತ್ತಿದ್ದರು. ಹಾಲು ತರುವವರು ಹಾಗೇ ನಡೆಯುತ್ತಿದ್ದರು, ನೀರು ತರುವವರು ಹಾಗೇ ನಡೆಯುತ್ತಿದ್ದರು, ಸುಮ್ಮನೆ ಗಾಳಿಗೆ ಹೊರಟವರೂ ಹಾಗೇ ನಡೆಯುತ್ತಿದ್ದರು.

ಊರಿನ ಕಟ್ಟಳೆ ಎರಡೇ ಮಾತಿನದು. ಹೋದ ದಾರಿಯಲ್ಲಿ ಹಿಂದಿರುಗಬಾರದು. ಹೋಗುವವರನ್ನು ಹಿಂದಿನಿಂದ ಕರೆಯಬಾರದು.

ಯಾಕೆ ಎಂದು ಕೇಳಿದರೆ, ಊರು ಕಟ್ಟಿದವನು ಹಾಗೆ ನಡೆದ, ನಾವೂ ಹಾಗೆ ನಡೆಯುತ್ತೇವೆ ಎನ್ನುತ್ತಿದ್ದರು. ಅಂಗಡಿಯಲ್ಲಿ ಉಪ್ಪು ತೆಗೆದುಕೊಂಡು ನಾಲ್ಕು ಹೆಜ್ಜೆ ಮುಂದೆ ಬಂದ ಮೇಲೆ ಬೆಲ್ಲ ನೆನಪಾದರೆ, ಬೆಟ್ಟವನ್ನು ಪೂರ್ತಿ ಸುತ್ತಿ ಮತ್ತೆ ಅದೇ ಅಂಗಡಿಗೆ ಬರಬೇಕು. ಒಂದು ಸುತ್ತಿಗೆ ಅರ್ಧ ದಿನ. ಹಾಗಾಗಿ ಆ ಊರಿನ ಅಡುಗೆಯಲ್ಲಿ ದಿನವೂ ಏನಾದರೊಂದು ಕಡಿಮೆ ಇರುತ್ತಿತ್ತು. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಎಲ್ಲರೂ ಒಂದೇ ಕಡೆಗೆ ನಡೆಯುವುದರಿಂದ ಬೀದಿಯಲ್ಲಿ ಒಬ್ಬರಿಗೊಬ್ಬರು ಕಾಣಿಸುತ್ತಿದ್ದದ್ದು ಬೆನ್ನು. ಊರಿನವರು ಬೆನ್ನಿನಿಂದಲೇ ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತಿದ್ದರು. ಬೆನ್ನು ನೋಡಿ ಇವನಿಗೆ ಹಸಿವಾಗಿದೆ ಎನ್ನುತ್ತಿದ್ದರು. ಬೆನ್ನು ನೋಡಿ ಇವಳು ಮನೆಯಲ್ಲಿ ಜಗಳ ಆಡಿ ಬಂದಿದ್ದಾಳೆ ಎನ್ನುತ್ತಿದ್ದರು. ಹೆಣ್ಣು ತೋರಿಸುವವರು, ಹುಡುಗಿಯ ಬೆನ್ನು ಬಹಳ ಲಕ್ಷಣವಾಗಿದೆ, ನೋಡಿಕೊಂಡು ಬನ್ನಿ ಎಂದು ಹೇಳಿ ಕಳಿಸುತ್ತಿದ್ದರು.

ಮಕ್ಕಳಿಗೆ ಮಾತ್ರ ಕಟ್ಟಳೆ ಇರಲಿಲ್ಲ. ಅವು ಎತ್ತ ಬೇಕಾದರೂ ಓಡುತ್ತಿದ್ದವು. ಪ್ರತಿ ಮಗುವಿನ ಕೈಯಲ್ಲೂ ಒಂದು ಯೋಯೋ ಇರುತ್ತಿತ್ತು. ಹನ್ನೆರಡು ತುಂಬಿದ ದಿನ ಹೆಜ್ಜೆಯ ಶಾಸ್ತ್ರ. ಮಗುವಿನ ಕಾಲು ತೊಳೆದು, ಹಿಮ್ಮಡಿಯ ಹಿಂದೆ ಅರಿಶಿನದ ಗೆರೆ ಎಳೆದು, ಯೋಯೋದ ದಾರ ಕತ್ತರಿಸಿ, ಇನ್ನು ಮುಂದಕ್ಕೆ ನಡಿ ಎನ್ನುತ್ತಿದ್ದರು. ಮಗು ನಡೆಯುತ್ತಿತ್ತು. ಅಲ್ಲಿಗೆ ಅದು ದೊಡ್ಡವರ ಸಾಲಿಗೆ ಸೇರಿದ ಹಾಗೆ.

ಈ ಊರಿನಲ್ಲಿ ನೂಲು ಹುರಿ ಮಾಡುವ ಹೆಂಗಸೊಬ್ಬಳಿದ್ದಳು. ಎಲ್ಲರೂ ಅವಳನ್ನು ನೂಲಿನವಳು ಎನ್ನುತ್ತಿದ್ದರು. ವಯಸ್ಸು ಐವತ್ತೊಂದು. ಅವಳ ಮನೆಗೆ ಹನ್ನೆರಡು ಹೆಜ್ಜೆ ಹಿಂದೆ, ಗೋಡೆಗೆ ಗೋಡೆ ತಾಗಿಕೊಂಡು, ಬಣ್ಣ ಹಾಕುವವಳ ಮನೆ. ನೂಲಿನವಳು ಬಿಳಿ ನೂಲಿನ ಲಡಿಗಳನ್ನು ಗಾಡಿಯವನಿಗೆ ಕೊಡುತ್ತಿದ್ದಳು. ಗಾಡಿಯವನು ಅವನ್ನು ಬೆಟ್ಟದ ಸುತ್ತ ಅರ್ಧ ದಿನ ತಳ್ಳಿಕೊಂಡು ಹೋಗಿ ಬಣ್ಣದವಳಿಗೆ ಮುಟ್ಟಿಸುತ್ತಿದ್ದ. ಬಣ್ಣ ಹಿಡಿದ ನೂಲು ಅಲ್ಲಿಂದ ಹನ್ನೆರಡು ಹೆಜ್ಜೆಯಲ್ಲಿ ವಾಪಸು ಬರುತ್ತಿತ್ತು. ಇಬ್ಬರೂ ಒಂದೇ ಕೆಲಸದ ಎರಡು ಕೈಗಳ ಹಾಗೆ ಇದ್ದರು. ಆದರೆ ಇಬ್ಬರ ನಡುವೆ ಮಾತು ನಿಂತು ಹತ್ತೊಂಬತ್ತು ವರ್ಷವಾಗಿತ್ತು.

ಮಾತು ನಿಂತದ್ದು ಒಂದು ಮುಳ್ಳಿನಿಂದ.

ಚಿಕ್ಕಂದಿನಿಂದ ಅವರು ಒಬ್ಬರನ್ನೊಬ್ಬರು ಬಿಟ್ಟಿರದ ಜೋಡಿ. ಯೋಯೋ ಆಡಿದ್ದು ಒಟ್ಟಿಗೆ, ದಾರ ಕತ್ತರಿಸಿಕೊಂಡದ್ದು ಒಂದೇ ದಿನ. ಮೂವತ್ತೆರಡನೇ ವಯಸ್ಸಿನಲ್ಲಿ ಒಮ್ಮೆ ಇಬ್ಬರೂ ಸಂತೆಗೆ ಹೊರಟಿದ್ದರು. ನೂಲಿನವಳು ಒಂದು ಸೀರೆಯ ಅಂಚಿನ ಸುದ್ದಿ ಹೇಳುತ್ತ ನಡೆದಿದ್ದಳು. ಅಂಚಿನಲ್ಲಿ ನವಿಲು ಬಂದಿದೆ, ನವಿಲಿಗೆ ಕಣ್ಣು ಬಂದಿಲ್ಲ ಎಂದು ಹೇಳುತ್ತ ನಡೆದಿದ್ದಳು. ಅಷ್ಟರಲ್ಲಿ ಬಣ್ಣದವಳ ಕಾಲಿಗೆ ಮುಳ್ಳು ಚುಚ್ಚಿತು. ಅವಳು ಅಲ್ಲೇ ಕೂತಳು. ಹಿಂದಿನಿಂದ ಕರೆಯುವ ಹಾಗಿಲ್ಲ, ಕರೆಯಲಿಲ್ಲ. ನೂಲಿನವಳು ನೂರು ಹೆಜ್ಜೆ ಗಾಳಿಯ ಜೊತೆ ಮಾತಾಡಿಕೊಂಡು ಹೋದಳು. ಹಿಂದೆ ಬರುತ್ತಿದ್ದವರು ಕಿಸಕ್ಕೆಂದು ನಕ್ಕಾಗ ಅವಳಿಗೆ ತಿಳಿಯಿತು. ಅಲ್ಲಿಯೇ ನಿಂತು ಕಾಯಬಹುದಿತ್ತು. ಆದರೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಸಿಟ್ಟು ಬಂತು, ನಡೆದುಬಿಟ್ಟಳು.

ಸಂತೆಯಲ್ಲಿ ಹೊತ್ತು ಕಳೆದು ಸಂಜೆ ಸುತ್ತು ಮುಗಿಸಿ ಬಂದಾಗ, ಯಾರದೋ ಗಾಡಿ ಹತ್ತಿ ಮೊದಲೇ ಮನೆ ಸೇರಿದ್ದ ಬಣ್ಣದವಳು ಕಾಲಿಗೆ ಬಟ್ಟೆ ಸುತ್ತಿಕೊಂಡು ಬಾಗಿಲಲ್ಲಿ ಕೂತಿದ್ದಳು.

"ನಿಂತು ಕಾಯಬಹುದಿತ್ತು," ಎಂದಳು.

"ನೀನು ಕರೆಯಬಹುದಿತ್ತು," ಎಂದಳು ನೂಲಿನವಳು.

"ಹಿಂದಿನಿಂದ ಕರೀಬೇಕಿತ್ತಾ?"

"ಮತ್ತೆ ನಾನು ಹಿಂದಕ್ಕೆ ಬರಬೇಕಿತ್ತಾ?"

ಇಬ್ಬರೂ ಕಟ್ಟಳೆಯ ಪ್ರಕಾರ ಸರಿಯಾಗಿಯೇ ಇದ್ದರು. ಬಾಗಿಲು ಮುಚ್ಚಿತು. ಅಂದಿನಿಂದ ಬಣ್ಣದವಳು ದಿನಾ ನೂಲಿನವಳ ಮನೆಯ ಮುಂದೆ ಬೆಟ್ಟದ ಕಡೆಗೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ನೂಲಿನವಳು ದಿನಾ ಅವಳ ಬೆನ್ನು ನೋಡುತ್ತಿದ್ದಳು. ತುರುಬು ಕಪ್ಪಿನಿಂದ ಬೂದಿಯಾದದ್ದು ನೋಡಿದಳು, ಬೂದಿಯಿಂದ ಬಿಳಿಯಾದದ್ದು ನೋಡಿದಳು. ಎಡ ಹೆಗಲು ಸ್ವಲ್ಪ ಸ್ವಲ್ಪವೇ ಇಳಿದದ್ದು ನೋಡಿದಳು. ಮುಖ ಹೇಗಾಗಿದೆಯೋ ಗೊತ್ತಿರಲಿಲ್ಲ.

ಹೀಗಿರುವಾಗ ನೂಲಿನವಳ ಬಲಗೈ ಮಣಿಕಟ್ಟು ಬಿಗಿದುಕೊಂಡಿತು. ತಂಬಿಗೆ ಎತ್ತಿದರೆ ನೋವು, ಕಸಬರಿಗೆ ಹಿಡಿದರೆ ನೋವು. ಕೀಲು ನೋಡುವ ಅಜ್ಜಿಯೊಬ್ಬಳು ಊರು ಸುತ್ತುತ್ತ ಬಂದವಳು ಜಗಲಿಯ ಮೇಲೆ ಕೂತು ಕೈ ಹಿಡಿದು ನೋಡಿದಳು.

"ಈ ಕೈ ನಲವತ್ತು ವರ್ಷ ಒಂದೇ ಕಡೆಗೆ ಹುರಿ ತಿರುಗಿಸಿದೆ. ಇನ್ನೊಂದು ಕಡೆ ತಿರುಗೋದನ್ನು ಮರೆತುಬಿಟ್ಟಿದೆ."

"ಎಣ್ಣೆ ಹಚ್ಚಲಾ ಅಜ್ಜಿ?"

"ಹಚ್ಚು. ನುಣ್ಣಗೆ ನೋಯುತ್ತದೆ."

"ಮತ್ತೇನು ಮಾಡಲಿ?"

"ಬೀಸಿ ಬಿಡಬೇಕು, ಮತ್ತೆ ಹಿಂದಕ್ಕೆ ತೊಗೋಬೇಕು. ಬಿಡಬೇಕು, ತೊಗೋಬೇಕು. ಮಕ್ಕಳು ಯೋಯೋ ಆಡ್ತಾವಲ್ಲ, ಹಾಗೆ."

"ನನ್ನ ವಯಸ್ಸಿಗೆ ಯೋಯೋನಾ?"

"ಕೈಗೆ ವಯಸ್ಸು ಗೊತ್ತಿಲ್ಲ ಮಗಳೇ, ನೋವು ಮಾತ್ರ ಗೊತ್ತು," ಎಂದು ಹೇಳಿ ಅಜ್ಜಿ ಎದ್ದು ಮುಂದಕ್ಕೆ ನಡೆದಳು.

ನೂಲಿನವಳು ಮೂರು ದಿನ ಯೋಚನೆ ಮಾಡಿದಳು. ನಾಲ್ಕನೆಯ ದಿನ ಬೆಟ್ಟವನ್ನು ಬಲಕ್ಕೆ ಇಟ್ಟುಕೊಂಡು ಮರ ಕಡೆಯುವ ಮುದುಕನ ಮನೆಗೆ ಹೋದಳು. ಮುದುಕ ಊರಿನ ಎಲ್ಲ ಮಕ್ಕಳಿಗೂ ಯೋಯೋ ಮಾಡಿಕೊಡುವವನು. ಹಾಲೆಮರದ ಪುಡಿ ಅವನ ಹುಬ್ಬಿನ ತುಂಬ ಕೂತಿತ್ತು.

"ಒಂದು ಯೋಯೋ ಬೇಕಾಗಿತ್ತು."

"ಮಗುವಿಗೆ ಎಷ್ಟು ವಯಸ್ಸು?"

"ಐವತ್ತೊಂದು," ಎಂದಳು.

ಮುದುಕ ಕಡೆಯುವುದನ್ನು ನಿಲ್ಲಿಸಿದ. ಅವಳನ್ನೊಮ್ಮೆ ನೋಡಿದ. ಹೊಸ ತುಂಡು ತೆಗೆದು ಎರಡು ಬಿಲ್ಲೆ ಕಡೆದ, ನಡುವೆ ಒಂದು ಗೂಟ ಕೂರಿಸಿದ, ತಿರುಗಿಸುತ್ತ ಕೆಂಪು ಅರಗು ಹಚ್ಚಿದ. ಕೊನೆಗೆ ಹೇಳಿದ:

"ಮಕ್ಕಳಿಗಾದರೆ ನಾನು ದಾರವನ್ನು ಗೂಟಕ್ಕೆ ಕಟ್ಟಿಬಿಡ್ತೀನಿ. ಕಟ್ಟಿದರೆ ತಾನಾಗೇ ಹೋಗುತ್ತೆ, ತಾನಾಗೇ ಬರುತ್ತೆ. ನಿನಗೆ ಕಟ್ಟೋದಿಲ್ಲ. ನೀನು ಎರಡೆಳೆಯ ಹುರಿ ಮಾಡಿ, ತುದಿ ಬಿಡಿಸಿ, ಗೂಟಕ್ಕೆ ಕುಣಿಕೆ ಮಾತ್ರ ಹಾಕು. ಆಗ ಅದು ಕೆಳಗೆ ಹೋಗಿ ಅಲ್ಲೇ ನಿದ್ದೆ ಮಾಡುತ್ತೆ. ನಿದ್ದೆ ಅಂದರೆ ನಿಲ್ಲೋದಿಲ್ಲ, ಇದ್ದಲ್ಲೇ ಗುಂಯ್ ಅಂತ ತಿರುಗ್ತಾ ಇರುತ್ತೆ. ನೀನು ಕರೆದರೆ ಬರುತ್ತೆ."

"ಕರೆಯೋದು ಹೇಗೆ?"

"ಬೆರಳನ್ನು ಒಂಚೂರು ಮೇಲಕ್ಕೆ. ಅಷ್ಟೆ. ಜಗ್ಗಬಾರದು."

"ಕರೆಯದೇ ಇದ್ದರೆ?"

"ತಿರುಗಿ ತಿರುಗಿ ಸುಸ್ತಾಗಿ ನಿಲ್ಲುತ್ತೆ. ನಿಂತ ಮೇಲೆ ನೀನು ಎಷ್ಟು ಜಗ್ಗಿದರೂ ಬರಲ್ಲ."

ದಾರ ನೆಲದಿಂದ ಹೊಕ್ಕುಳದವರೆಗೆ ಉದ್ದ ಇರಲಿ ಎಂದೂ ಹೇಳಿದ. ನೂಲಿನವಳು ಯೋಯೋವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮುಂದಕ್ಕೆ ನಡೆದು, ಉಳಿದ ಮುಕ್ಕಾಲು ಊರು ಸುತ್ತಿ ಮನೆ ಸೇರಿದಳು. ದಾರಿಯುದ್ದಕ್ಕೂ ಸೆರಗಿನ ಗಂಟು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಮಾರನೆಯ ಬೆಳಿಗ್ಗೆ ಹಿತ್ತಲಿಗೆ ಹೋಗಿ ಮೊದಲ ಸಲ ಬೀಸಿದಳು. ಯೋಯೋ ಕೆಳಗೆ ಹೋಯಿತು, ಬಿದ್ದುಕೊಂಡಿತು. ಮತ್ತೆ ಸುತ್ತಿ ಬೀಸಿದಳು. ಬೆರಳಿನ ಗೆಣ್ಣಿಗೆ ಬಡಿಯಿತು. ಇನ್ನೊಮ್ಮೆ ಬೀಸಿದಳು. ಗದ್ದಕ್ಕೆ ಬಡಿಯಿತು. ಅದರ ಮುಂದಿನ ಸಲ ಮೊಸರಿನ ಗಡಿಗೆ ಒಡೆಯಿತು. ಹನ್ನೊಂದು ವರ್ಷದ ಕೈಗೆ ನೀರು ಕುಡಿದಷ್ಟು ಸುಲಭವಾಗಿದ್ದದ್ದು ಐವತ್ತೊಂದರ ಕೈಗೆ ಬರಲೊಲ್ಲದು. ದಾರವನ್ನೂ ನಾಲ್ಕು ಬಗೆ ಮಾಡಿ ನೋಡಿದಳು. ಒಂದು ದಪ್ಪವಾಗಿ ಸಿಕ್ಕಿಕೊಂಡಿತು. ಒಂದು ಸಣ್ಣದಾಗಿ ಬೆರಳು ಕೊಯ್ದಿತು. ಒಂದರ ಹುರಿ ಹೆಚ್ಚಾಗಿ ಸುರುಳಿ ಸುರುಳಿಯಾಯಿತು. ದಾರಕ್ಕೆ ಹುರಿ ಏರಿದಾಗ ಯೋಯೋವನ್ನು ಸುಮ್ಮನೆ ಇಳಿಬಿಟ್ಟು ಅದರಷ್ಟಕ್ಕೆ ತಿರುಗಿ ಬಿಚ್ಚಿಕೊಳ್ಳಲು ಬಿಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೂಲಿನ ಸ್ವಭಾವ ಅವಳಿಗೆ ಗೊತ್ತಿತ್ತು.

ಒಂಬತ್ತನೆಯ ಬೆಳಿಗ್ಗೆ ಕೈ ತಾನಾಗಿ ಮೇಲೆದ್ದು, ಅಂಗೈ ಆಕಾಶಕ್ಕೆ ತಿರುಗಿ, ಮೊಣಕೈಯಿಂದ ಸಡಿಲವಾಗಿ ಬೀಸಿತು. ಯೋಯೋ ನೆಟ್ಟಗೆ ಇಳಿಯಿತು. ನೆಲದಿಂದ ನಾಲ್ಕು ಬೆರಳು ಮೇಲೆ ನಿಂತು ಗುಂಯ್ ಎಂದಿತು. ಅವಳು ಉಸಿರು ಹಿಡಿದು ಬೆರಳನ್ನು ಒಂಚೂರು ಎತ್ತಿದಳು. ಕೆಂಪು ಯೋಯೋ ದಾರ ಹಿಡಿದು ಹತ್ತಿ ಬಂದು ಅಂಗೈಯೊಳಗೆ ಟಪ್ಪೆಂದು ಕೂತಿತು.

ಮೂವತ್ತೊಂಬತ್ತು ವರ್ಷದಲ್ಲಿ ಅವಳ ಕೈಯಿಂದ ಹೋದದ್ದೊಂದು ಹೋದ ದಾರಿಯಲ್ಲೇ ವಾಪಸು ಬಂದದ್ದು ಅದೇ ಮೊದಲು. ನೂಲಿನವಳು ಒಬ್ಬಳೇ ನಿಂತು ನಕ್ಕಳು.

ಅಲ್ಲಿಂದ ಮುಂದೆ ಅವಳಿಗೆ ಅದೇ ಧ್ಯಾನವಾಯಿತು. ಬೆಳಿಗ್ಗೆ ಬೀಸಿ ಬಿಡುವಳು, ಕರೆಯುವಳು. ಅನ್ನಕ್ಕೆ ಎಸರಿಟ್ಟು ಬೀಸಿ ಬಿಡುವಳು, ಕರೆಯುವಳು. ದಾರವನ್ನು ಮುಕ್ಕೋನವಾಗಿ ಹಿಡಿದು ಅದರೊಳಗೆ ಯೋಯೋವನ್ನು ತೂಗಿ ತೊಟ್ಟಿಲು ಮಾಡಿದಳು. ನೆಲಕ್ಕೆ ತಾಗಿಸಿ ನಾಯಿಯ ಹಾಗೆ ಓಡಿಸಿದಳು. ಅನ್ನ ಎರಡು ಸಲ ತಳ ಹಿಡಿಯಿತು. ಮಣಿಕಟ್ಟಿನ ನೋವು ಯಾವತ್ತು ಹೋಯಿತೋ ಅವಳಿಗೆ ನೆನಪಿಲ್ಲ.

ಹಿತ್ತಲಿನ ಗೋಡೆಯ ಆಚೆ ಬಣ್ಣದವಳ ಹಿತ್ತಲು. ಗುಂಯ್ ಎನ್ನುವ ಸದ್ದೂ ಟಪ್ಪೆನ್ನುವ ಸದ್ದೂ ಗೋಡೆ ದಾಟಿ ಹೋಗುತ್ತಿದ್ದವು. ಇದು ನೂಲಿನವಳಿಗೆ ಹೊಳೆದಿರಲೇ ಇಲ್ಲ.

ಒಂದು ದಿನ ಗಾಡಿಯವನು ಬಣ್ಣದ ನೂಲು ತಂದು ಇಳಿಸಿದ. ಕಳಿಸಿದ್ದು ಹನ್ನೆರಡು ಲಡಿ. ಬಂದದ್ದು ಹನ್ನೆರಡು ಲಡಿ, ಮತ್ತೊಂದು ಸಣ್ಣ ಸುರುಳಿ. ಬಿಚ್ಚಿ ನೋಡಿದರೆ ಎರಡೆಳೆಯ ಸಣ್ಣ ಹುರಿ, ತುದಿಯಲ್ಲಿ ಕುಣಿಕೆ. ಅರಿಶಿನದ ಬಣ್ಣ. ನೂಲಿನವಳು ಅದರ ಒಂದು ತುದಿಯನ್ನು ಕಾಲಿನಿಂದ ಒತ್ತಿ ಇನ್ನೊಂದು ತುದಿಯನ್ನು ಮೇಲಕ್ಕೆತ್ತಿದಳು. ಸರಿಯಾಗಿ ಅವಳ ಹೊಕ್ಕುಳಕ್ಕೆ ಬಂತು.

"ಏನಾದರೂ ಹೇಳಿದಳಾ?" ಎಂದು ಕೇಳಿದಳು.

"ಏನೂ ಹೇಳಲಿಲ್ಲವ್ವ," ಎಂದ ಗಾಡಿಯವನು. "ಲಡಿಗಳ ಕೆಳಗೆ ಇಟ್ಟಳು. ನಾನು ನೋಡಿದೆ ಅಂತ ಗೊತ್ತಾದ ಮೇಲೆ ಇನ್ನೂ ಕೆಳಗೆ ಇಟ್ಟಳು."

ನೂಲಿನವಳು ತನ್ನ ದಾರ ಬಿಚ್ಚಿ ಹಳದಿ ದಾರ ಹಾಕಿಕೊಂಡಳು. ಅದರಲ್ಲಿ ಯೋಯೋ ಎಂದಿಗಿಂತ ಹೆಚ್ಚು ಹೊತ್ತು ನಿದ್ದೆ ಮಾಡಿತು.

ಆದರೆ ಬೀದಿಯಲ್ಲಿ ಹೋಗುತ್ತ ಹಿತ್ತಲಿನ ಗೋಡೆಯ ಮೇಲಿಂದ ಕಣ್ಣಾರೆ ನೋಡಿದವರೂ ಒಬ್ಬರಿದ್ದರು. ಮೊಸರಿನವಳು ಎತ್ತರದ ಹೆಂಗಸು, ತಲೆಯ ಮೇಲೆ ಗಡಿಗೆ ಹೊತ್ತರೆ ಇನ್ನೂ ಎತ್ತರ. ಹಿತ್ತಲಿನಲ್ಲಿ ಕೆಂಪಗಿನದು ಏನೋ ಕೆಳಗೆ ಹೋಗಿ ಮೇಲೆ ಬರುವುದನ್ನು ಅವಳು ಕಂಡಳು. ಯಾರಿಗೂ ಹೇಳುವುದಿಲ್ಲ ಎಂದುಕೊಂಡು ಮುಂದಕ್ಕೆ ನಡೆದಳು. ಅರ್ಧ ದಿನದಲ್ಲಿ ಅವಳು ಸುತ್ತು ಮುಗಿಸುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಆ ಊರಿನಲ್ಲಿ ಸುದ್ದಿಯೂ ಒಂದೇ ಕಡೆಗೆ ನಡೆಯುತ್ತಿತ್ತಾದ್ದರಿಂದ ಕೊನೆಗೆ ತಿಳಿದದ್ದು ಬಣ್ಣದವಳಿಗೆ, ಅಂದರೆ ಮೊದಲೇ ಗೊತ್ತಿದ್ದವಳಿಗೆ.

ಮೂರನೆಯ ದಿನ ಬಿಸಿಲೇರುವ ಹೊತ್ತಿಗೆ ಬೀದಿಯ ಹಿರಿಯನಾದವನು ನೂಲಿನವಳ ಜಗಲಿಗೆ ಬಂದು ಕೂತ. ಕಟ್ಟಳೆ ಕಾಯುವುದು ಅವನ ಕೆಲಸ. ಅವನಷ್ಟು ಸಲ ಬೆಟ್ಟ ಸುತ್ತಿದವರು ಊರಿನಲ್ಲಿ ಯಾರೂ ಇರಲಿಲ್ಲ. ಮೆಲ್ಲಗೆ ಮಾತಾಡುವ ಮನುಷ್ಯ. ಹಿಂದೆ ಬರುತ್ತಿದ್ದ ಜನ ಒಬ್ಬೊಬ್ಬರಾಗಿ ನಿಂತು, ನೋಡನೋಡುತ್ತ ಬೀದಿ ತುಂಬಿತು.

"ನೂಲಿನವ್ವಾ, ನಿನ್ನ ಹತ್ತಿರ ಹಿಂದಿರುಗುವ ವಸ್ತು ಇದೆಯಂತೆ."

"ಇದೆ ಯಜಮಾನರೇ."

"ಮಕ್ಕಳಿಗೆ ಬಿಟ್ಟಿದ್ದೇವೆ. ದೊಡ್ಡವರಿಗೆ ಇಲ್ಲ. ನಿಜವೇ ಆದರೆ ದಾರ ಕತ್ತರಿಸಿ ಅದನ್ನು ಒಲೆಗೆ ಹಾಕಬೇಕಾಗುತ್ತದೆ. ಒಂದು ವರ್ಷ ನೀನು ಬೀದಿಗೆ ಇಳಿಯುವ ಹಾಗಿಲ್ಲ. ಅದಕ್ಕೆ ನಾನೇ ನೋಡಿ ತಿಳಿದುಕೊಳ್ಳಬೇಕು. ಕೊಡು ಇಲ್ಲಿ."

ನೂಲಿನವಳು ಯೋಯೋ ಕೊಟ್ಟಳು. ಹಿರಿಯ ದಾರದ ಉಂಗುರಕ್ಕೆ ಬೆರಳು ತೂರಿಸಿ, ಹಿಡಿದದ್ದನ್ನು ಕೈಬಿಟ್ಟ. ಯೋಯೋ ತೊಳಲುತ್ತ ಇಳಿದು ಅವನ ಮೊಣಕಾಲಿನ ಹತ್ತಿರ ತೂಗಾಡುತ್ತ ನಿಂತಿತು. ಅವನು ಕಾದ. ಜನರೂ ಕಾದರು. ಅದು ಬರಲಿಲ್ಲ.

"ಇದು ಹಿಂದೆ ಬರುವುದೇ ಇಲ್ಲವಲ್ಲ," ಎಂದ ಹಿರಿಯ. "ಹಾಗಾದರೆ ತಪ್ಪೇ ಆಗಿಲ್ಲ."

ಜನ ಹಗುರಾದರು. ನೂಲಿನವಳೂ ಹಗುರಾದಳು. ಹಿರಿಯ ಏಳಲು ಹೊರಟವನು ಏಳಲಿಲ್ಲ. ತೂಗಾಡುತ್ತಿದ್ದ ಯೋಯೋವನ್ನೇ ನೋಡುತ್ತ ಕೂತ.

"ಆದರೆ ನಿನಗೆ ಬರುತ್ತದೆ ಅಂದರು."

ಹಿರಿಯ ಅದನ್ನು ಮೇಲೆತ್ತಿ ತಿರುಗಿಸಿ ನೋಡಿದ.

"ನನಗೆ ಯಾಕೆ ಬರಲಿಲ್ಲ?"

ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಯೋಯೋ ಉಳಿಯುತ್ತಿತ್ತು, ಬೀದಿ ಉಳಿಯುತ್ತಿತ್ತು. ನೂಲಿನವಳಿಗೆ ಅದು ಗೊತ್ತಿತ್ತು. ಆದರೆ ಆ ಪ್ರಶ್ನೆ ಕೇಳಿದ ದನಿ ಕಟ್ಟಳೆ ಕಾಯುವವನದಾಗಿರಲಿಲ್ಲ. ಅವಳೂ ಎಂಟು ಬೆಳಿಗ್ಗೆ ಹಿತ್ತಲಿನಲ್ಲಿ ನಿಂತು ಅದೇ ಪ್ರಶ್ನೆ ಕೇಳಿಕೊಂಡಿದ್ದಳು.

"ನೀವು ಬೀಳಿಸಿದಿರಿ ಯಜಮಾನರೇ, ಬೀಸಲಿಲ್ಲ," ಎಂದಳು. "ಎದ್ದು ನಿಲ್ಲಿ. ಅಂಗೈ ಮೇಲೆ ಮಾಡಿ. ಕೈ ಬಿಗಿ ಬೇಡ."

ಹಿರಿಯ ಎದ್ದು ನಿಂತ. ಬೀಸಿದ. ಮೊಣಕಾಲಿಗೆ ಬಡಿಯಿತು. ಯಾರೂ ನಗಲಿಲ್ಲ. ಮತ್ತೆ ಬೀಸಿದ, ರುಮಾಲಿಗೆ ಬಡಿಯಿತು. ಗಾಡಿಯವನು ಬೇರೆ ಕಡೆ ತಿರುಗಿ ಕೆಮ್ಮಿದ. ಹಿರಿಯ ರುಮಾಲು ತೆಗೆದು ಜಗಲಿಯ ಮೇಲಿಟ್ಟು ಬೀಸಿದ, ಬೀಸಿದ, ಬೀಸುತ್ತಲೇ ಇದ್ದ. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಒಂದು ಸಲ ಯೋಯೋ ನೆಟ್ಟಗಿಳಿದು ಗುಂಯ್ ಎಂದಿತು.

"ಈಗ ಕರೀರಿ," ಎಂದಳು ನೂಲಿನವಳು.

"ಹಿಂದಿನಿಂದಲೇ ಕರೆಯುವುದೆ?"

"ಹಿಂದಿನಿಂದಲೇ. ಇನ್ನೂ ತಿರುಗ್ತಾ ಇರುವಾಗಲೇ ಕರೀಬೇಕು. ನಿಂತ ಮೇಲೆ ಕರೆದರೆ ಬರೋದಿಲ್ಲ."

ಹಿರಿಯ ಬೆರಳನ್ನು ಒಂಚೂರು ಎತ್ತಿದ. ಯೋಯೋ ಹತ್ತಿ ಬಂದು ಅವನ ಅಂಗೈಯಲ್ಲಿ ಕೂತಿತು. ಅವನು ಅದರ ಮೇಲೆ ಬೆರಳು ಮಡಚಿ ಹಿಡಿದುಕೊಂಡ. ಬೆಟ್ಟವನ್ನು ಎಷ್ಟು ಸಾವಿರ ಸಲ ಸುತ್ತಿದ್ದನೋ, ದೊಡ್ಡವನಾದ ಮೇಲೆ ಹೋದದ್ದು ತನ್ನ ಕೈಗೆ ಬಂದದ್ದನ್ನು ಅವನು ಕಂಡಿರಲಿಲ್ಲ.

"ಹೋದ ದಾರಿಯಲ್ಲೇ ಬಂತು," ಎಂದ ಕೊನೆಗೆ. ಪ್ರಾಮಾಣಿಕ ಮನುಷ್ಯ. ಮುಖ ಸಣ್ಣದಾಗಿತ್ತು. "ಕಟ್ಟಳೆ ಮುರಿದ ಹಾಗೆ ಆಯಿತು. ಮುರಿದವರಲ್ಲಿ ಈಗ ನಾನೂ ಒಬ್ಬ."

ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಆ ಹೊತ್ತಿಗೆ ಬಣ್ಣದವಳ ಬಾಗಿಲು ತೆರೆಯಿತು. ಅವಳು ಬುಟ್ಟಿಯನ್ನು ಸೊಂಟಕ್ಕೆ ಇರಿಸಿಕೊಂಡು ದಿನದ ಹಾಗೆ ಹೊರಟಳು. ಜನ ಸರಿದು ದಾರಿ ಬಿಟ್ಟರು. ಅವಳು ಜಗಲಿಯ ಮುಂದೆ ಬರುತ್ತಲೇ ಬೆಟ್ಟದ ಕಡೆ ಮುಖ ತಿರುಗಿಸಿದಳು. ದಾಟಿದಳು. ಒಂದು ಹೆಜ್ಜೆ ಹೋದಳು, ಎರಡು ಹೆಜ್ಜೆ ಹೋದಳು. ನೂಲಿನವಳಿಗೆ ಬಿಳಿ ತುರುಬು ಕಂಡಿತು, ಇಳಿದ ಎಡ ಹೆಗಲು ಕಂಡಿತು. ಆ ಬೆನ್ನು ಇವತ್ತು ಎಂದಿನ ಹಾಗೆ ಬಿಗಿದುಕೊಂಡಿರಲಿಲ್ಲ. ಕಿವಿಗೊಟ್ಟ ಬೆನ್ನಿನ ಹಾಗಿತ್ತು. ತಾನು ಈಗಷ್ಟೇ ಹಿರಿಯನಿಗೆ ಹೇಳಿದ ಮಾತು ನೂಲಿನವಳ ಬಾಯಲ್ಲಿ ಇನ್ನೂ ಬಿಸಿಯಾಗಿತ್ತು.

"ಏ ಇವಳೇ," ಎಂದಳು.

ಬೀದಿ ಉಸಿರು ಬಿಡಲಿಲ್ಲ. ಆ ಬೀದಿಯಲ್ಲಿ ದೊಡ್ಡವರೊಬ್ಬರು ಇನ್ನೊಬ್ಬರನ್ನು ಹಿಂದಿನಿಂದ ಕರೆದದ್ದನ್ನು ಕೇಳಿದವರು ಯಾರೂ ಇರಲಿಲ್ಲ. ಬಣ್ಣದವಳು ಏಳನೆಯ ಹೆಜ್ಜೆಗೆ ನಿಂತಳು.

"ಬಾರೆ ಇಲ್ಲಿ," ಎಂದಳು ನೂಲಿನವಳು, ಮೊದಲಿಗಿಂತ ಮೆಲ್ಲಗೆ.

ಬಣ್ಣದವಳಿಗೆ ಬೀದಿಯಲ್ಲಿ ತಿರುಗುವುದು ಹೇಗೆಂದು ಗೊತ್ತಿರಲಿಲ್ಲ. ಮೊದಲು ಒಂದು ಪಾದ ತಿರುಗಿಸಿದಳು, ಆಮೇಲೆ ಇನ್ನೊಂದು. ಬುಟ್ಟಿಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು. ಆಮೇಲೆ ಪೂರ್ತಿ ತಿರುಗಿ ಏಳು ಹೆಜ್ಜೆ ನಡೆದು ಬಂದಳು. ಹತ್ತೊಂಬತ್ತು ವರ್ಷದ ಮೇಲೆ ನೂಲಿನವಳು ಅವಳ ಮುಖ ನೋಡಿದಳು. ಕಣ್ಣಿನ ಸುತ್ತ ಸಣ್ಣ ಸಣ್ಣ ಗೆರೆಗಳು. ಕೆನ್ನೆಗೆ ಎಂದೋ ತಾಗಿದ ನೀಲಿ ಹಾಗೇ ಉಳಿದಿತ್ತು.

"ಎಷ್ಟು ಹಣ್ಣಾಗಿಬಿಟ್ಟಿದ್ದೀಯೇ," ಎಂದಳು ನೂಲಿನವಳು.

"ನೀನೇನು ಎಳೇ ಸೌತೆಕಾಯಿಯಾ?" ಎಂದಳು ಬಣ್ಣದವಳು.

ನೂಲಿನವಳು ಜಗಲಿಯಿಂದ ಇಳಿದು ಅವಳ ಎದುರಿಗೆ ಬಂದಳು.

"ಅವತ್ತು ನಿಲ್ಲಬೇಕಿತ್ತು. ನಿಲ್ಲಲಿಲ್ಲ," ಎಂದಳು ನೂಲಿನವಳು. "ಜನ ನಕ್ಕರು ಅಂತ ನಾಚಿಕೆಯಾಯಿತು."

"ನನಗೂ ಬಾಯಿತನಕ ಬಂದಿತ್ತು ನಿನ್ನ ಹೆಸರು. ನುಂಗಿಕೊಂಡೆ. ಆ ಮುಳ್ಳು ಅವತ್ತೇ ಹೋಯಿತು ಕಣೆ, ಇದು ಹೋಗಲಿಲ್ಲ." ಬಣ್ಣದವಳು ಬುಟ್ಟಿ ಇಳಿಸಿದಳು. "ದಿನಾ ಗೋಡೆಯಾಚೆ ಕೇಳ್ತಾ ಇದ್ದೆ. ಟಪ್ಪಂತ ಬಿತ್ತು ಅಂದರೆ ಸರಿಯಾಯಿತು ಅಂದುಕೊಳ್ತಿದ್ದೆ. ಗಡಿಗೆ ಒಡೆದ ದಿನ ನಕ್ಕು ನಕ್ಕು ಬಣ್ಣದ ಬಾನಿಗೆ ಬೀಳೋದರಲ್ಲಿದ್ದೆ."

ಎಲ್ಲರೂ ಹಿರಿಯನ ಕಡೆ ನೋಡಿದರು. ಹಿಂದಿನಿಂದ ಕರೆದವಳೊಬ್ಬಳು, ಹಿಂದಿರುಗಿದವಳೊಬ್ಬಳು, ಇಬ್ಬರೂ ಕಣ್ಣೆದುರಿಗೇ ಇದ್ದರು. ಹಿರಿಯ ಮಾತ್ರ ತನ್ನ ಕೈಯನ್ನು ನೋಡಿಕೊಳ್ಳುತ್ತಿದ್ದ. ಅವನು ಮರೆತು ಮತ್ತೊಮ್ಮೆ ಬೀಸಿಬಿಟ್ಟಿದ್ದ.

"ದಾರ ಗಂಟಾಗಿದೆ," ಎಂದ. "ಮೊದಲು ಇದನ್ನು ಬಿಡಿಸಿ ಕೊಡಿ. ಉಳಿದದ್ದು ಆಮೇಲೆ ನೋಡೋಣ."

ಇಬ್ಬರು ಹೆಂಗಸರೂ ಜಗಲಿಯ ಮೇಲೆ ಕೂತು ಗಂಟು ಬಿಡಿಸಿದರು. ಒಬ್ಬಳು ಎಳೆ ಹಿಡಿದಳು, ಒಬ್ಬಳು ಉಗುರಿನಿಂದ ಸಡಿಲಿಸಿದಳು. ಗಂಟು ಬಿಟ್ಟಿತು. ಹಿರಿಯ ಯೋಯೋ ತೆಗೆದುಕೊಂಡು ಮತ್ತೆ ಬೀಸಿದ. ಅವನ ಹಿಂದೆ ನಿಂತಿದ್ದ ಮೊಸರಿನವಳು ಗಡಿಗೆ ಇಳಿಸಿ, ಒಂದು ಸಲ ನನಗೂ ಕೊಡಿ ಯಜಮಾನರೇ ಎಂದಳು. ಉಳಿದದ್ದನ್ನು ನೋಡೋಣ ಎಂದು ಹಿರಿಯ ಹೇಳಿದ ಆ "ಆಮೇಲೆ" ಅಂದು ಬರಲೇ ಇಲ್ಲ.

ಮರ ಕಡೆಯುವ ಮುದುಕನಿಗೆ ಆ ತಿಂಗಳು ಉಸಿರಾಡಲು ಬಿಡುವಿರಲಿಲ್ಲ. ಗೋಡೆಗಳಾಚೆಯಿಂದ ಗುಂಯ್ ಸದ್ದು ಕೇಳದ ಮನೆಯೇ ಇರಲಿಲ್ಲ. ಕಟ್ಟಳೆಯನ್ನು ಯಾರೂ ಕಿತ್ತು ಹಾಕಲಿಲ್ಲ. ಹಿರಿಯ ಅದಕ್ಕೆ ಒಂದೇ ಮಾತು ಸೇರಿಸಿ ಊರಿಗೆಲ್ಲ ತಿಳಿಸಿದ. ಹೋದ ದಾರಿಯಲ್ಲಿ ಹಿಂದಿರುಗಬಾರದು, ಯಾರಾದರೂ ಕರೆದರೆ ಹಿಂದಿರುಗಬಹುದು.

ಜನ ಹೆದರಿ ಹೆದರಿ ಕರೆದು ನೋಡಿದರು. ಮಗನನ್ನು ಕರೆದರು, ಮುನಿಸಿಕೊಂಡು ಹೋದ ಮಾವನನ್ನು ಕರೆದರು. ಬೆಲ್ಲ ಮರೆತವರನ್ನು ಅಂಗಡಿಯವನೇ ಕರೆದ. ಕೆಲವರು ಬಂದರು. ಕೆಲವರು ಬರಲಿಲ್ಲ, ಅವರನ್ನು ಕರೆದದ್ದು ತಡವಾಗಿತ್ತು. ಬಂದವರೇ ಹೆಚ್ಚು.

ಒಂದು ಬೆಳಿಗ್ಗೆ ಬಣ್ಣದವಳು ತನ್ನ ಬಾಗಿಲಿನಿಂದಲೇ, ನೀಲಿ ಕುದಿಯುತ್ತಾ ಇದೆ, ನೂಲು ತಗೊಂಡು ಬಾರೆ ಎಂದು ಕೂಗಿದಳು. ನೂಲಿನವಳು ಲಡಿಗಳನ್ನು ಎದೆಗೆ ಅವಚಿಕೊಂಡು ಬೀದಿಗೆ ಇಳಿದಳು. ಬೆಟ್ಟ ಎಡಕ್ಕೆ ಬಂತು. ಎಡಕ್ಕೆ ಬೆಟ್ಟ ಇಟ್ಟುಕೊಂಡರೆ ಬೀದಿ ಬೇರೆಯೇ ಬೀದಿಯ ಹಾಗೆ ಕಾಣುತ್ತಿತ್ತು. ಎದುರಿಗೆ ಒಬ್ಬ ಗಂಡಸು ಬರುತ್ತಿದ್ದ. ಗುಂಗುರು ಕೂದಲಿನ ಅಗಲ ಬೆನ್ನಿನವನು ಎಂದು ನಲವತ್ತು ವರ್ಷದಿಂದ ಅವಳಿಗೆ ಗೊತ್ತಿದ್ದ ಮನುಷ್ಯ. ಅವನಿಗೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಎನ್ನುವುದು ಅವತ್ತು ಗೊತ್ತಾಯಿತು.

ದಾರಿ ಬಿಡಲು ಅವಳು ಗೋಡೆಯ ಕಡೆಗೆ ಸರಿದಳು. ಅವನೂ ಗೋಡೆಯ ಕಡೆಗೆ ಸರಿದ. ಅವಳು ಬೆಟ್ಟದ ಕಡೆಗೆ ಸರಿದಳು. ಅವನೂ ಸರಿದ. ಎದುರಿಗೆ ಸಿಕ್ಕವರು ಏನು ಮಾಡಬೇಕು ಎನ್ನುವುದು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನೀವು ಹೋಗಿ," ಎಂದ ಅವನು.

"ಇಲ್ಲ, ನೀವು ಹೋಗಿ," ಎಂದಳು.

ಇಬ್ಬರೂ ಒಟ್ಟಿಗೇ ಹೊರಟು ಮತ್ತೆ ಎದುರಾದರು. ಅವನ ಹಿಂದೆ ನಾಲ್ಕು ಜನ ನಿಂತರು, ಅವಳ ಹಿಂದೆ, ಅವಳ ಹಾಗೆಯೇ ಯಾರೋ ಕರೆದದ್ದಕ್ಕೆ ಹಿಂದಿರುಗುತ್ತಿದ್ದ ಇಬ್ಬರು ನಿಂತರು. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಒಬ್ಬರ ಮುಖ ಒಬ್ಬರು ನೋಡಿಕೊಂಡು. ಬೀದಿಯೇನೋ ಎರಡು ಗಾಡಿ ದಾಟುವಷ್ಟು ಅಗಲವಾಗಿಯೇ ಇತ್ತು. ಆದರೂ ಅವರಿಗೆ ದಾಟಲು ಬಹಳ ಹೊತ್ತು ಹಿಡಿಯಿತು.